ಭೂತಗನ್ನಡಿ ಅಳಿಸಿದ ಸೊನ್ನೆ

ನಮ್ಮ ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಭೂತಗನ್ನಡಿ ಎನ್ನುತ್ತಿದ್ದರು. ಹಿಂದೊಂದು ಮುಂದೊಂದು ನನಗೆ ಬರುವುದಿಲ್ಲ. ನಾನು ಎದುರಿಗೇ ಭೂತಗನ್ನಡಿ ಅಕ್ಕ ಎಂದು ಕರೆಯುತ್ತಿದ್ದೆ. ಅವಳೂ ನನ್ನನ್ನು ಕತ್ತರಿ ಎಂದೇ ಕೂಗುತ್ತಿದ್ದಳು. ನಾನು ನಡೆಸುವುದು ಕಾಗದ ಕತ್ತರಿಸುವ ಯಂತ್ರ. ಹೆಸರು ಬಂದದ್ದು ಯಂತ್ರದಿಂದಲೋ ನಾಲಿಗೆಯಿಂದಲೋ ಎಂದು ವಿಚಾರಿಸಲು ಹೋಗಿಲ್ಲ, ಉತ್ತರ ಗೊತ್ತಿದೆ.

ನಾವು ಅಚ್ಚು ಹಾಕುವುದು ಲೇಬಲ್. ಬಿಸ್ಕತ್ತಿನ ಪೊಟ್ಟಣ, ಎಣ್ಣೆ ಡಬ್ಬ, ಔಷಧದ ಸೀಸೆ, ಯಾವುದರ ಮೈಮೇಲೆ ಅಂಟಿಸುವುದಿದ್ದರೂ ಸರಿ, ಯಾವ ದೇಶದ ಭಾಷೆಯಾದರೂ ಸರಿ. ಆ ಅಕ್ಷರಗಳು ನಮಗೆ ಬರಬೇಕೆಂದೇನೂ ಇಲ್ಲ, ಬಂದದ್ದು ಬಂದ ಹಾಗೆ ಹೋಗಬೇಕು, ಅಷ್ಟೆ. ಬಂದ ಹಾಗೆಯೇ ಹೋಯಿತೇ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುವ ಕೆಲಸ ಅಕ್ಕನದು. ಗಿರಾಕಿ ಕಳಿಸಿದ ಮೂಲ ಹಾಳೆ ಎಡಕ್ಕೆ, ನಮ್ಮ ಕರಡು ಬಲಕ್ಕೆ. ಎರಡನ್ನೂ ತಲೆಕೆಳಗಾಗಿ ಇಡುತ್ತಿದ್ದಳು. ಆಮೇಲೆ ಹಿಡಿ ಸವೆದ ಆ ಭೂತಗನ್ನಡಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಿಸುತ್ತಿದ್ದಳು.

ನಾನು ಹೊಸದಾಗಿ ಸೇರಿದಾಗ ನಕ್ಕಿದ್ದೆ. "ಅಕ್ಕ, ಹಾಳೆ ತಲೆಕೆಳಗಾಗಿದೆ."

"ನಿನ್ನ ತಲೆ ನೆಟ್ಟಗಿದ್ರೆ ಸಾಕು," ಎಂದಳು. "ಸೀದಾ ಇಟ್ರೆ ಕಣ್ಣು ಓದೋಕೆ ಶುರು ಮಾಡುತ್ತೆ ಕಣೇ. ಓದೋ ಕಣ್ಣು ಸುಳ್ಳು ಹೇಳುತ್ತೆ, ಇಲ್ಲದ್ದನ್ನ ತಾನೇ ತುಂಬಿಸ್ಕೊಳ್ಳುತ್ತೆ. ತಲೆಕೆಳಗಾದ್ರೆ ಬರೀ ನೋಡುತ್ತೆ."

ಈ ವಿದ್ಯೆ ಅವಳಿಗೆ ಬಂದದ್ದು ಹಳೆಯ ಅಚ್ಚುಕೂಟದಲ್ಲಿ. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುತ್ತಿದ್ದ ಕಾಲ. ಮೊಳೆಯ ಮೇಲೆ ಅಕ್ಷರ ಕನ್ನಡಿಯೊಳಗಿನ ಮುಖದ ಹಾಗೆ ತಿರುಗಿರುತ್ತದೆ, ಜೋಡಿಸುವವರು ಅದನ್ನು ತಲೆಕೆಳಗಾಗಿಯೇ ಓದಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಆ ಕೆಲಸಕ್ಕೆ ಸೇರಿದಳು. ಗಂಡ ಅಲ್ಲೇ ಅಚ್ಚಿನ ಯಂತ್ರ ತಿರುಗಿಸುತ್ತಿದ್ದ. ಗಂಡ ತೀರಿಕೊಂಡ, ಮೊಳೆಗಳನ್ನು ಕರಗಿಸಿ ಮಾರಿದರು, ಅಚ್ಚುಕೂಟ ಮುಚ್ಚಿತು. ಅವಳ ಹತ್ತಿರ ಉಳಿದದ್ದು ಒಬ್ಬಳು ಮಗಳು, ಒಂದು ಭೂತಗನ್ನಡಿ, ಮತ್ತು ಒಂದು ಕಟ್ಟಳೆ. ಮೂಲದಲ್ಲಿ ಇದ್ದರೆ ಇರಬೇಕು, ಇಲ್ಲದಿದ್ದರೆ ಇರಬಾರದು, ನಡುವೆ ನಮ್ಮ ಬುದ್ಧಿ ಬಾಯಿ ಹಾಕಬಾರದು. ಇದನ್ನು ಅವಳು ಎಷ್ಟು ಸಲ ಹೇಳುತ್ತಿದ್ದಳೆಂದರೆ ಅಂಟು ಬಳಿಯುವ ಹೆಂಗಸರು ಅವಳು ಬಾಯಿ ತೆರೆಯುವ ಮೊದಲೇ ರಾಗವಾಗಿ ಒಪ್ಪಿಸುತ್ತಿದ್ದರು.

ಮಗಳನ್ನು ಓದಿಸಿದಳು, ಮದುವೆ ಮಾಡಿದಳು. ಅಳಿಯ ಕಂಪ್ಯೂಟರ್ ಬಲ್ಲವನು. ಆದರೆ ಅವನು ಸೇರಿದ್ದ ಅಂಗಡಿ ಬಾಗಿಲು ಹಾಕಿತು. ಅಕ್ಕ ಪ್ರೆಸ್ಸಿನ ಯಜಮಾನರ ಮುಂದೆ ನಿಂತು, ತನಗಾಗಿ ಒಂದು ದಿನವೂ ಕೇಳದವಳು, ಅವನಿಗಾಗಿ ಬಾಯಿ ಬಿಟ್ಟು ಕೇಳಿದಳು. ಹೀಗೆ ಅಳಿಯ ನಮ್ಮಲ್ಲಿ ಕಂಪ್ಯೂಟರ್ ಇಟ್ಟ ಗಾಜಿನ ಕೋಣೆಗೆ ಬಂದ. ಸದ್ಯಕ್ಕೆ ತಾತ್ಕಾಲಿಕ, ಕೆಲಸ ನೋಡಿ ಖಾಯಂ ಮಾಡುತ್ತೇನೆ ಎಂದರು ಯಜಮಾನರು. ನಾವು ಸುಮ್ಮನಿರುತ್ತೇವೆಯೇ? "ಅಕ್ಕ, ಗಾಜಿನ ಕೋಣೇಲಿ ಕೂತಿರೋದು ಯಾರು?" ಎಂದು ಒಬ್ಬಳು ಕೇಳುವುದು, "ಅಳಿಯ ಅಲ್ಲ, ಮಗಳ ಗಂಡ," ಎಂದು ಇನ್ನೊಬ್ಬಳು ಹೇಳುವುದು. ಅವಳು ಸಿಟ್ಟು ಮಾಡಿದಂತೆ ಮುಖ ತಿರುಗಿಸಿ ಒಳಗೊಳಗೇ ಹಿಗ್ಗುತ್ತಿದ್ದಳು. ಮಗಳು ಆಗ ಬಸುರಿ. ಮಗು ಬರುವ ಹೊತ್ತಿಗೆ ಅಳಿಯನ ಕೆಲಸ ಖಾಯಂ ಆಗಬೇಕು ಎಂಬ ಒಂದೇ ಆಸೆ ಅಕ್ಕನ ಹೊಟ್ಟೆಯಲ್ಲಿ ಕೂತಿತ್ತು. ದಿನವೂ ಅದನ್ನು ಬುತ್ತಿಯ ಜೊತೆ ಕಟ್ಟಿಕೊಂಡು ಬರುತ್ತಿದ್ದಳು.

ಆ ಸಮಯದಲ್ಲೇ ಬಂತು ಜಪಾನಿನ ಕೆಲಸ. ಊರಾಚೆಯ ಕಾರ್ಖಾನೆಯೊಂದು ಮಕ್ಕಳ ಬಿಸ್ಕತ್ತು ಮಾಡಿ ಅಲ್ಲಿಗೆ ಕಳಿಸುವುದಿತ್ತು. ಲೇಬಲ್ ನಮ್ಮದು. "ನಮ್ಮ ಹಳೇ ಪ್ರೋಗ್ರಾಮಿನಲ್ಲಿ ಜಪಾನಿ ಅಕ್ಷರ ಬರುತ್ತೇನಪ್ಪ? ಹೊಸದು ತರಿಸಬೇಕಾ?" ಎಂದು ಯಜಮಾನರು ಕೇಳಿದ್ದರು. ಅಳಿಯ ಎರಡು ಲೇಬಲ್ ಹಾಕಿ ನೋಡಿದ, ಚೆನ್ನಾಗಿಯೇ ಬಂತು. "ಧಾರಾಳವಾಗಿ ಬರುತ್ತೆ ಸಾರ್, ನನ್ನ ಜವಾಬ್ದಾರಿ," ಎಂದ. ಖಾಯಂ ಆಗಬೇಕಾದವನು ಇನ್ನೇನು ಹೇಳುತ್ತಾನೆ?

ನಮ್ಮಲ್ಲಿ ಪದ್ಧತಿ ಏನೆಂದರೆ, ಗಿರಾಕಿ ಎರಡು ಕಳಿಸಬೇಕು. ಒಂದು ಅಕ್ಷರಗಳ ಫೈಲು, ಇನ್ನೊಂದು ಅದು ಹೇಗೆ ಕಾಣಬೇಕೋ ಹಾಗೆ ತೆಗೆದ ಚಿತ್ರ. ಚಿತ್ರವೇ ಮೂಲ. ಆ ಸಲ ಫೈಲು ಬಂತು, ಚಿತ್ರ ಬರಲಿಲ್ಲ. ಹಡಗಿಗೆ ಹೋಗುವ ಲಾರಿ ಕಾಯುವುದಿಲ್ಲ ಎಂದು ಕಾರ್ಖಾನೆಯಿಂದ ಫೋನಿನ ಮೇಲೆ ಫೋನು. ಯಜಮಾನರು ಗಾಜಿನ ಬಾಗಿಲು ಬಡಿದರು. ಅಳಿಯ ಅದೇ ಫೈಲನ್ನು ಅದೇ ಪ್ರೋಗ್ರಾಮಿನಲ್ಲಿ ತೆರೆದು ಒಂದು ಹಾಳೆ ತೆಗೆದ. ತಲೆಗೆ "ಮೂಲ" ಎಂದು ಬರೆದು ಅತ್ತೆಯ ಎಡಗಡೆ ಇಟ್ಟ. ಇನ್ನೊಂದು ಹಾಳೆ ತೆಗೆದು ಬಲಗಡೆ ಇಟ್ಟ. ಕಳ್ಳನಿಗೆ ಕಳ್ಳನೇ ಸಾಕ್ಷಿ ನಿಂತ ಹಾಗಾಯಿತು. ಇದು ನಮಗೆ ತಿಳಿದದ್ದು ಆಮೇಲೆ.

ಅಕ್ಕ ತಲೆಕೆಳಗು ಮಾಡಿ ನೋಡಿದಳು. ಗೀಟಿಗೆ ಗೀಟು, ಚುಕ್ಕೆಗೆ ಚುಕ್ಕೆ ತಾಳೆಯಾಯಿತು. ಕೊನೆಯ ಸಾಲಿನಲ್ಲಿ ಮಾತ್ರ ಅವಳ ಕೈ ನಿಂತಿತು. ಒಂದು ಗಿಡ್ಡ ಅಕ್ಷರದ ಪಕ್ಕ ಇಂಗ್ಲಿಷಿನ "ಓ" ಇತ್ತು. ಸಣ್ಣದು, ಸೊನ್ನೆಯ ಹಾಗೆ. ಅಷ್ಟೂ ಜಪಾನಿ ಅಕ್ಷರಗಳ ನಡುವೆ ಅದೊಂದೇ, ಅನ್ನದಲ್ಲಿ ಕಲ್ಲು ಸಿಕ್ಕಂತೆ. ಎರಡೂ ಹಾಳೆಯಲ್ಲಿತ್ತು. ಅವಳ ಕಟ್ಟಳೆಯ ಪ್ರಕಾರ ಅದನ್ನು ಮುಟ್ಟಬಾರದು. ಆದರೆ ಹಿಂದಿನ ವಾರವಷ್ಟೇ, ಹಳೆಯ ಲೇಬಲ್ಲಿನಿಂದ ಉಳಿದ ಒಂದು ಚುಕ್ಕೆ ಹೊಸದರಲ್ಲಿ ಹೋಗಿತ್ತು, ಯಜಮಾನರು ಎಲ್ಲರೆದುರು ಅವಳ ಕಣ್ಣಿನ ಬಗ್ಗೆ ಮಾತಾಡಿದ್ದರು. "ವಯಸ್ಸಾಯ್ತು ಅನ್ಸುತ್ತೆ ಅಕ್ಕ," ಎಂದಿದ್ದರು. ಆ ಮಾತು ಮುಳ್ಳಿನಂತೆ ಒಳಗೆ ಕೂತಿತ್ತು. ಅವಳು ಕೆಂಪು ಪೆನ್ನು ತೆಗೆದಳು. ಸೊನ್ನೆಯ ಸುತ್ತ ಇನ್ನೊಂದು ಸೊನ್ನೆ ಹಾಕಿ "ಕಸ, ತೆಗೆಯಿರಿ" ಎಂದು ಬರೆದಳು. ಅಳಿಯ ತೆಗೆದ. ಅಚ್ಚಾಯಿತು. ನಾನೇ ಕತ್ತರಿಸಿ ಕಟ್ಟು ಕಟ್ಟಿದೆ.

ಮರುದಿನ ಬೆಳಿಗ್ಗೆ ಕಟ್ಟುಗಳು ಕಾರ್ಖಾನೆಗೆ ಹೋದವು. ಊಟ ಮುಗಿಸಿ ಕೈ ತೊಳೆಯುತ್ತಿದ್ದೆವು, ಅಳಿಯ ಎರಡು ಹಾಳೆ ತಂದು ಅಕ್ಕನ ಮೇಜಿನ ಮೇಲೆ ಹಾಕಿದ. "ಅತ್ತೆ, ಆ ಬಿಸ್ಕತ್ತಿನ ಚಿತ್ರ ಈಗ ಬಂತು. ಜೊತೆಗೆ ಮುಂದಿನ ಕೆಲಸದ್ದೂ ಕಳಿಸಿದ್ದಾರೆ, ಸಾಸ್ ಸೀಸೆದು. ತೆಗೆದಿಡಿ."

ತೆಗೆದಿಡಬಹುದಿತ್ತು. ಕೆಲಸ ಮುಗಿದು ಹೋಗಿತ್ತು, ಯಾರೂ ಕೇಳುತ್ತಿರಲಿಲ್ಲ. ನಾನಾಗಿದ್ದರೆ ಅದರ ಮೇಲೆ ಚಹದ ಲೋಟ ಇಡುತ್ತಿದ್ದೆ. ಅವಳು ಅದನ್ನು ತಿರುಗಿಸಿದಳು, ಉಳಿಸಿಕೊಂಡಿದ್ದ ಒಂದು ಲೇಬಲ್ಲನ್ನು ಪಕ್ಕಕ್ಕಿಟ್ಟಳು, ಭೂತಗನ್ನಡಿ ಎತ್ತಿಕೊಂಡಳು.

ನಾನು ಯಂತ್ರಕ್ಕೆ ಕಾಗದ ಜೋಡಿಸುತ್ತಿದ್ದೆ. ಅವಳು ಮೇಜಿನ ದೀಪವನ್ನು ಹತ್ತಿರ ಎಳೆದ ಸದ್ದು ಕೇಳಿತು. ತಿರುಗಿ ನೋಡಿದರೆ ಅವಳ ಮುಖ ಬಿಳಿಚಿಕೊಂಡಿತ್ತು.

"ಕತ್ತರಿ, ಇಲ್ಲಿ ಬಾ. ಈ ಸಾಲು ನೋಡು. ಇಲ್ಲಿ ಎಷ್ಟು ಅಕ್ಷರ?"

ಕೊನೆಯ ಸಾಲು. ಚಿತ್ರದಲ್ಲಿ ಎರಡು ದೊಡ್ಡ ಅಕ್ಷರಗಳಿದ್ದವು. ಮೊದಲನೆಯದು ソ, ಒಂದು ಚಿಕ್ಕ ಗೀಟು, ಒಂದು ಉದ್ದ ಗೀಟು. ಎರಡನೆಯದು ಬಾಗಿಲಿನ ಎರಡು ಕದ ಸ್ವಲ್ಪ ತೆರೆದಂತೆ, ಮೇಲೆ ಎರಡು ಚುಕ್ಕೆ. ನಮ್ಮ ಲೇಬಲ್ಲಿನಲ್ಲಿ ಆ ಜಾಗದಲ್ಲಿ ಗಿಡ್ಡ ಅಕ್ಷರ ಒಂದೇ ಒಂದು, ಪಕ್ಕದಲ್ಲಿ ಖಾಲಿ. ಆ ಖಾಲಿ ಜಾಗದಲ್ಲೇ ಅಕ್ಕ ಅಳಿಸಿದ ಸೊನ್ನೆ ಇದ್ದದ್ದು.

ಅವಳು ಎದ್ದು ಗಾಜಿನ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ, ಕರೆಯದೆ ಹೋಗುವುದರಲ್ಲಿ ನನಗೆ ಮೊದಲಿನಿಂದಲೂ ಕೈ ಪಳಗಿದೆ.

ಅಳಿಯ ಹಾಳೆ ನೋಡಿ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಫೈಲನ್ನು ಬೇರೆ ಥರ ತೆರೆದ. ಪರದೆಯ ಮೇಲೆ ಅಕ್ಷರಗಳೇ ಇಲ್ಲ, ಬರೀ ಜೋಡಿ ಜೋಡಿ ಗುರುತುಗಳು. 83 5C 83 6F ಎಂಬಲ್ಲಿ ಬೆರಳಿಟ್ಟ.

"ಇದೇನು, ಅಂಕಿ ಜೊತೆ ಸಿ, ಎಫ್?" ಎಂದಳು ಅಕ್ಕ.

"ಒಂಬತ್ತರ ಮೇಲೆ ಅಂಕಿ ಸಾಲಲ್ಲ ಅಂತ ಅಕ್ಷರ ಸೇರಿಸ್ಕೊಂಡಿದ್ದಾರೆ, ಅಷ್ಟೇ. ಎಲ್ಲಾ ನಂಬರೇ." ಅವನು ಅತ್ತೆಯ ಕಡೆ ತಿರುಗಿದ. "ನಿಮ್ಮ ಮೊಳೆ ಪೆಟ್ಟಿಗೆ ಇತ್ತಲ್ಲ ಅತ್ತೆ, ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ. ಇಲ್ಲೂ ಹಾಗೇ. ಈ ಹಳೇ ಪದ್ಧತೀಲಿ ಜಪಾನಿ ಅಕ್ಷರಕ್ಕೆ ಎರಡೆರಡು ನಂಬರು. ಮೊದಲ್ನೇದು ಯಾವ ಪೆಟ್ಟಿಗೆ, ಎರಡ್ನೇದು ಯಾವ ಮನೆ. ಇವು ಕತಕಾನ ಅಂತ, ಹೊರಗಿನ ಪದಗಳಿಗೆ, ಕೆಲವು ಕಾಳುಕಡ್ಡಿ ಹೆಸರಿಗೆ ಬಳಸ್ತಾರೆ. ಎಂಬತ್ತಮೂರನೇ ಪೆಟ್ಟಿಗೆ, ಐದು-ಸಿ ಮನೆ, ಅದು 'ಸೊ'. ಎಂಬತ್ತಮೂರನೇ ಪೆಟ್ಟಿಗೆ, ಆರು-ಎಫ್ ಮನೆ, ಅದು 'ಬಾ'."

"ಮತ್ತೆ ಸೊ ಎಲ್ಲಿ ಹೋಯ್ತು?"

"ಐದು-ಸಿ ಅನ್ನೋ ನಂಬರು ಒಂಟಿಯಾಗಿ ನಿಂತ್ರೆ ಅದು ಒಂದು ಓರೆಗೆರೆ. ನಮ್ಮ ಪ್ರೋಗ್ರಾಮಿಗೆ ಓರೆಗೆರೆ ಅಂದ್ರೆ ಅಕ್ಷರ ಅಲ್ಲ, ಅಪ್ಪಣೆ. 'ನನ್ನನ್ನ ಅಚ್ಚು ಹಾಕ್ಬೇಡ, ನನ್ನ ಮುಂದಿರೋದನ್ನ ಏನೂ ಕೇಳ್ದೆ ತಗೋ' ಅಂತ. ಇದು ಹಳೇ ಪ್ರೋಗ್ರಾಮು. ಜೋಡಿ ನೋಡಲ್ಲ, ಒಂದೊಂದೇ ನಂಬರು ನೋಡುತ್ತೆ. ಐದು-ಸಿ ಕಂಡ ತಕ್ಷಣ ಅಪ್ಪಣೆ ಅಂತ ನುಂಗಿಬಿಟ್ಟಿದೆ. ಹಿಂದೆ ಉಳಿದ ಎಂಬತ್ತಮೂರು, ಮುಂದಿನ ಅಕ್ಷರದ ಎಂಬತ್ತಮೂರಿಗೆ ಅಂಟ್ಕೊಂಡಿದೆ. ಎಂಬತ್ತಮೂರು ಎಂಬತ್ತಮೂರು ಅಂದ್ರೆ ಈ ಗಿಡ್ಡ ಅಕ್ಷರ. ಕೊನೇಲಿ ಆರು-ಎಫ್ ಅನಾಥವಾಗಿ ಉಳೀತು. ಅದು ಒಂಟಿಯಾಗಿ ನಿಂತ್ರೆ..."

"ಇಂಗ್ಲಿಷ್ ಓ," ಎಂದಳು ಅಕ್ಕ.

ಆ ಕತಕಾನ ಮಾಲೆಯಲ್ಲಿ ಸೊ ಎಂಬ ಈ ಒಂದು ಅಕ್ಷರಕ್ಕೆ ಮಾತ್ರ ಈ ಗ್ರಹಚಾರವಂತೆ. ಅವನು ಪರೀಕ್ಷೆಗೆ ಹಾಕಿದ್ದ ಎರಡು ಲೇಬಲ್ಲಿನಲ್ಲಿ ಅದು ಇರಲೇ ಇಲ್ಲ. ಹಲ್ಲಿದ್ದಲ್ಲಿ ಕಡಲೆ ಇಲ್ಲ, ಕಡಲೆ ಇದ್ದಲ್ಲಿ ಹಲ್ಲಿಲ್ಲ.

"ಸೊ, ಬಾ. ಸೊಬಾ. ಹಂಗಂದ್ರೇನು?" ಎಂದು ನಾನು ಕೇಳಿದೆ.

ಅವನು ಹುಡುಕಿ ಓದಿದ. ಓದುತ್ತಾ ಹೋದಂತೆ ದನಿ ಸಣ್ಣದಾಯಿತು. ಅದು ಅವರ ಕಡೆ ಬೆಳೆಯುವ ಒಂದು ಕಾಳು. ಬಿಸ್ಕತ್ತಿನಲ್ಲಿ ಅದರ ಹಿಟ್ಟು ಸೇರಿದೆ. ಕೆಲವರಿಗೆ, ಅದರಲ್ಲೂ ಕೆಲವು ಮಕ್ಕಳಿಗೆ, ಅದು ಒಂದಿಷ್ಟೂ ಆಗಿಬರುವುದಿಲ್ಲ. ಮೈ ಊದುತ್ತದೆ, ಉಸಿರು ಕಟ್ಟುತ್ತದೆ, ಪ್ರಾಣವೂ ಹೋಗಬಹುದು. ಅದಕ್ಕಾಗಿಯೇ ಆ ಕೊನೆಯ ಸಾಲು. ಅಂಥ ಮಗುವಿನ ತಾಯಿ ಪೊಟ್ಟಣ ತಿರುಗಿಸಿ ಮೊದಲು ಹುಡುಕುವುದು ಆ ಎರಡು ಅಕ್ಷರಗಳನ್ನೇ.

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಸೊನ್ನೆ ಹಾಗೇ ಬಿಟ್ಟಿದ್ರೆ ಏನೋ ಹಾಳಾಗಿದೆ ಅಂತ ನೋಡಿದವರಿಗಾದ್ರೂ ಗೊತ್ತಾಗ್ತಿತ್ತು. ನಾನು ಒರೆಸಿ ಚೊಕ್ಕ ಮಾಡಿ ಕಳಿಸಿದೀನಿ."

ಕಾರ್ಖಾನೆಯಲ್ಲಿ ಆಗ ಲೇಬಲ್ ಅಂಟಿಸುತ್ತಿದ್ದರು. ಸಂಜೆಗೆ ಲಾರಿ ಹೊರಡುತ್ತದೆ, ಬಂದರಿನಲ್ಲಿ ಪೆಟ್ಟಿಗೆಗೆ ಬೀಗ ಬಿದ್ದರೆ ಮುಗಿಯಿತು. ಅಕ್ಕ ಬಾಗಿಲ ಕಡೆ ತಿರುಗಿದಳು. ಅಳಿಯ ಅಡ್ಡ ನಿಂತ.

"ಅತ್ತೆ, ಒಂದ್ನಿಮಿಷ. ನಾನು ನನ್ನ ಜವಾಬ್ದಾರಿ ಅಂದಿದ್ದೆ. ಈಗ ಹೋಗಿ ಹೇಳಿದ್ರೆ ಇವತ್ತೇ ಹೊರಗೆ. ಸಾವಿರ ಜನ ತಿಂತಾರೆ, ಏನೂ ಆಗಲ್ಲ. ಎಲ್ಲೋ ಸಾವಿರದಲ್ಲಿ ಒಬ್ಬರಿಗೆ..."

"ಆ ಒಬ್ಬರು ಯಾರ ಮಗು?"

ಅವನು ತಲೆ ತಗ್ಗಿಸಿದ. ಅವಳ ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ನೀವೇ ಹೋಗಿ ಹೇಳಿ ಅಳಿಯಂದಿರೇ. ನಿಮ್ಮ ಬಾಯಿಂದ ಹೋದ್ರೆ ನಿಮಗೆ ಮರ್ಯಾದೆ. ನಾನು ಇಲ್ಲೇ ನಿಂತಿರ್ತೀನಿ. ಬೇಗ ಹೋಗಿ, ಲಾರಿ ನಮ್ಮ ನೆಂಟ ಅಲ್ಲ."

ಅವನು ಹೋದ. ಯಜಮಾನರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಬಾಗಿಲ ಬಳಿ ಬಿದ್ದಿದ್ದ ಕಾಗದದ ಚೂರು ಆರಿಸತೊಡಗಿದೆ. ಅವನ ಮಾತು ಸ್ಪಷ್ಟವಾಗಿ ಕೇಳಿತು. "ಸಾರ್, ಜಪಾನಿ ಲೇಬಲ್ ನಿಲ್ಲಿಸಬೇಕು. ಎಚ್ಚರಿಕೆ ಸಾಲಲ್ಲಿ ಅಕ್ಷರ ಬಿಟ್ಟುಹೋಗಿದೆ." ಆಮೇಲೆ, "ಅತ್ತೆ ಕಸ ಅಂತ ಗುರುತು ಹಾಕಿ ತೆಗೆಸಿದ್ರು," ಎಂದ.

ಅಷ್ಟೇ. ನುಂಗಿದ್ದರ ಮಾತಿಲ್ಲ, ಹಳೇ ಪ್ರೋಗ್ರಾಮಿನ ಮಾತಿಲ್ಲ, ತಾನೇ ತೆಗೆದು "ಮೂಲ" ಎಂದು ಬರೆದ ಹಾಳೆಯ ಮಾತಿಲ್ಲ. ನನ್ನ ಮೈ ಉರಿದುಹೋಯಿತು. ಕೈಯಲ್ಲಿದ್ದ ಚೂರುಗಳನ್ನು ಅವನ ತಲೆಯ ಮೇಲೆ ಸುರಿಯೋಣ ಎನ್ನಿಸಿತು.

ಯಜಮಾನರು ಕಾರ್ಖಾನೆಗೆ ಫೋನು ಮಾಡಿದರು. ಅಂಟಿಸುವುದು ನಿಂತಿತು, ಲಾರಿಗೆ ಏರಿಸಿದ್ದನ್ನು ಇಳಿಸಲು ಹೇಳಿದರು. ಹೊರಗೆ ಬಂದವರು ಪ್ರೆಸ್ಸಿನ ನಡುವೆ ನಿಂತು ಗುಡುಗಿದರು. "ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಅಕ್ಕ! ತಪ್ಪು ಹುಡುಕೋಕೆ ಅಂತ ನಿಮ್ಮನ್ನ ಕೂರಿಸಿದ್ರೆ ಇದ್ದ ಅಕ್ಷರಾನೇ ಅಳಿಸಿದೀರಿ. ಕೆಂಪು ಗುರುತು ನಿಮ್ದೇನಾ?"

"ನಂದೇ ಸಾರ್."

ಯಂತ್ರಗಳೆಲ್ಲ ನಿಂತಿದ್ದವು. ಅಳಿಯ ಗಾಜಿನಾಚೆ ಪರದೆಯನ್ನೇ ನೋಡುತ್ತಾ ಕೂತಿದ್ದ. ಅಕ್ಕ ಒಮ್ಮೆ ಆ ಕಡೆ ನೋಡಿದಳು, ಬೇರೆ ಏನೂ ಹೇಳಲಿಲ್ಲ. "ನಾಳೆಯಿಂದ ಬರೋದು ಬೇಡ," ಎಂದು ಯಜಮಾನರು ಒಳಗೆ ಹೋದರು.

ಅವಳು ಮೇಜಿನ ಖಾನೆ ಖಾಲಿ ಮಾಡತೊಡಗಿದಳು. ಊಟದ ಡಬ್ಬಿ, ಚಾಳೀಸು, ಒಂದು ಹಳೇ ಶಾಲು. ನಾನು ಹಲ್ಲು ಕಚ್ಚಿ ಹೇಳಿದೆ. "ಬಾಯಲ್ಲಿ ಏನು ಅವಲಕ್ಕಿ ಇತ್ತಾ ನಿಂಗೆ? ಅವನು ಅರ್ಧ ಹೇಳಿ ನಿನ್ನ ತಲೆಗೆ ಕಟ್ಟಿದಾನೆ. ಈಗ ನಾನು ಹೋಗಿ..."

"ಸುಮ್ನಿರೇ. ಮಗು ಬರೋ ಮನೆ. ನಂಗೆ ಹೇಗಿದ್ರೂ ವಯಸ್ಸಾಯ್ತು. ಲಾರಿ ನಿಂತಿತಲ್ಲ, ಸಾಕು."

ಇಲ್ಲಿಗೆ ಮುಗಿದಿದ್ದರೆ ಅವಳನ್ನು ತ್ಯಾಗಮಯಿ ಎಂದು ಹೊಗಳಿ ನಾನು ಸುಮ್ಮನಾಗುತ್ತಿದ್ದೆ. ಭೂತಗನ್ನಡಿಯನ್ನು ಶಾಲಿನಲ್ಲಿ ಸುತ್ತುವಾಗ ಮೇಜಿನ ಮೇಲಿದ್ದ ಇನ್ನೊಂದು ಹಾಳೆ ಅವಳ ಕಣ್ಣಿಗೆ ಬಿತ್ತು. ಸಾಸ್ ಸೀಸೆಯ ಲೇಬಲ್ಲು. ಮೊದಲ ಅಕ್ಷರವೇ ಒಂದು ಚಿಕ್ಕ ಗೀಟು, ಒಂದು ಉದ್ದ ಗೀಟು. ಅವಳು ಹಾಳೆಯನ್ನು ತಿರುಗಿಸಲೂ ಇಲ್ಲ. ಹಾಗೇ ಹಿಡಿದುಕೊಂಡು ಗಾಜಿನ ಕೋಣೆಗೆ ಹೋದಳು.

"ಇದಕ್ಕೇನು ಮಾಡ್ತೀರಿ?"

"ಇದನ್ನ ಕೈಯಲ್ಲೇ ಸರಿ ಮಾಡ್ತೀನಿ ಅತ್ತೆ," ಅವನು ಮೇಲೆ ನೋಡದೆ ಹೇಳಿದ. "ಇನ್ನು ಮೇಲೆ ಆ ಅಕ್ಷರ ಬಂದಾಗೆಲ್ಲ ನಾನೇ ಗಮನಿಸ್ತೀನಿ."

"ನೀವು ಜ್ವರ ಬಂದು ಮಲಗಿದ ದಿನ?"

ಅವನು ಹಾಳೆಗೆ ಕೈ ಚಾಚಿದ, ಅವಳು ಕೊಡಲಿಲ್ಲ.

"ಇದು ಸಾಸು. ತಪ್ಪಾದ್ರೆ ನಗ್ತಾರೆ. ಇದರ ಮುಂದೆ ಬರೋದು ಔಷಧದ್ದಾದ್ರೆ? ತಲೆಕೆಳಗು ಮಾಡಿ ನೋಡೋಕೆ ನಾನೂ ಇರಲ್ಲ. ಯಜಮಾನ್ರು ಮುದುಕಿ ತಪ್ಪು ಮಾಡಿದ್ಲು, ಮುದುಕಿ ಹೋದ್ಲು, ಎಲ್ಲಾ ಸರಿಹೋಯ್ತು ಅಂತ ನಿದ್ದೆ ಮಾಡ್ತಾರೆ. ಆ ಯಂತ್ರ ಮಾತ್ರ ನುಂಗ್ತಾ ಕೂತಿರುತ್ತೆ."

"ಅತ್ತೆ, ದಮ್ಮಯ್ಯ. ನಿಮ್ಮ ಮಗಳ ಮುಖ ನೋಡಿ."

ಅವಳು ಯಜಮಾನರ ಬಾಗಿಲ ಕಡೆ ನಡೆದಿದ್ದಳು. ಅವನು ಹಿಂದೆ ಓಡಿ ಬಂದ. ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಅವಳು ನಿಂತಳು. ಅವಳು ವಾಪಸು ಬಂದರೂ ನಾನು ತಪ್ಪು ತಿಳಿಯುತ್ತಿರಲಿಲ್ಲ. ಬಾ ಅಕ್ಕ, ಬಂದುಬಿಡು ಎಂದು ಒಳಗೆ ಬೇಡಿಕೊಂಡೆ ಕೂಡ.

"ಅವಳ ಮುಖ ಕಣ್ಣ ಮುಂದೆ ಇಟ್ಕೊಂಡೇ ಹೋಗ್ತಿದೀನಿ," ಎಂದು ಬಾಗಿಲು ತಳ್ಳಿದಳು. "ಸಾರ್, ನಾವು ಹೇಳಿದ್ದು ಅರ್ಧ. ಅರ್ಧ ನುಂಗಿದ್ರೆ ಉಳಿದ ಅರ್ಧ ಪಕ್ಕದ್ದಕ್ಕೆ ಅಂಟ್ಕೊಂಡು ಬೇರೆ ಏನೋ ಆಗುತ್ತೆ. ಇನ್ನರ್ಧ ನಮ್ಮ ಅಳಿಯಂದಿರು ಹೇಳ್ತಾರೆ. ಅವರು ಹೇಳ್ದಿದ್ರೆ ನಾನು ಹೇಳ್ತೀನಿ, ಆದ್ರೆ ನಂಗೆ ನಂಬರುಗಳು ಬಾಯಿಗೆ ಬರಲ್ಲ."

ಅವನು ಹೇಳಿದ. ಅಳುತ್ತಾ ಹೇಳಿದ, ಆದರೆ ಒಂದನ್ನೂ ಬಿಡದೆ ಹೇಳಿದ. "ಮೂಲ" ಎಂದು ಬರೆದ ಹಾಳೆಯನ್ನೂ ತಂದು ಮೇಜಿನ ಮೇಲೆ ಇಟ್ಟ.

ಇಬ್ಬರ ಕೆಲಸವೂ ಹೋಯಿತು. ಯಜಮಾನರು ಬೈದುಕೊಂಡೇ ಹೊಸ ಪ್ರೋಗ್ರಾಮು ತರಿಸಿದರು. ಅದರಲ್ಲಿ ಲೋಕದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ನಂಬರು, ಆ ಸೊ ಎಂಬುದಕ್ಕೂ ಒಂದು, ನಮ್ಮ ಕಕಾರಕ್ಕೂ ಒಂದು. ಒಂದರ ಚೂರು ಇನ್ನೊಂದರ ವೇಷ ಹಾಕಿಕೊಂಡು ಕಾಣಿಸದಂತೆ ಕಟ್ಟಿದ್ದಾರಂತೆ. ಬೇಲಿ ಮುರಿದ ಮೇಲೆ ಕಾವಲು, ನಮ್ಮವರ ಹಣೆಬರಹವೇ ಅಷ್ಟು.

ಮಗಳು ತಾಯಿಯ ಜೊತೆ ಮಾತು ಬಿಟ್ಟಳು. "ಊರಿಗೆಲ್ಲ ತಾಯಿಯಾದೆ, ನಂಗೊಬ್ಬಳಿಗೆ ಆಗಲಿಲ್ಲ," ಎಂದು ಹೇಳಿ ಕಳಿಸಿದಳಂತೆ. ಹೆಣ್ಣು ಮಗು ಹುಟ್ಟಿದ ಸುದ್ದಿ ಅಕ್ಕನಿಗೆ ಪಕ್ಕದ ಮನೆಯವರಿಂದ ಗೊತ್ತಾಯಿತು. ಆಸ್ಪತ್ರೆಗೆ ಹೋದರೆ ಮಗಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಅಲ್ಲಿಂದ ನೇರ ನಮ್ಮ ಮನೆಗೆ ಬಂದ ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. "ನಾನು ತಪ್ಪು ಮಾಡಿದ್ನೇನೇ ಕತ್ತರಿ?" ಎಂದು ಕೇಳಿದಳು. ಇಲ್ಲ ಎಂದೆ. ನಿಜ ಹೇಳುತ್ತೇನೆ, ನನ್ನ ಮಗಳಾಗಿದ್ದರೆ ನಾನು ಆ ಬಾಗಿಲು ತಳ್ಳುತ್ತಿರಲಿಲ್ಲ. ಇದನ್ನು ಅವಳಿಗೆ ಹೇಳಲಿಲ್ಲ.

ಅಳಿಯನಿಗೆ ಆಮೇಲೆ ಬೇರೆ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತು. ಅಕ್ಕ ಮನೆಯಲ್ಲೇ ಉಳಿದಳು. ಸಂಜೆ ಹೊತ್ತು ನಾನು ಹೋಗಿ ಕೂರುತ್ತಿದ್ದೆ. ಒಂದು ಸಂಜೆ ಬೆಳ್ಳುಳ್ಳಿ ಬಿಡಿಸುತ್ತಿದ್ದೆವು, ಅವಳ ಫೋನು ರಿಂಗಾಯಿತು. ಅವಳ ಕೈ ಅಂಟಾಗಿತ್ತು, ನಾನೇ ಒತ್ತಿ ದನಿ ಜೋರು ಮಾಡಿ ನೆಲದ ಮೇಲಿಟ್ಟೆ.

"ಅತ್ತೆ," ಎಂದಿತು ಫೋನು.

ಅಕ್ಕನ ಕೈ ನಿಂತಿತು.

"ಅತ್ತೆ, ಒಂದು ಲೇಬಲ್ ಬಂದಿದೆ. ಮಕ್ಕಳ ಹಾಲಿನ ಪುಡಿದು. ಪ್ರೋಗ್ರಾಮು ಹೊಸದೇ, ಎಲ್ಲಾ ಸರಿ ಇದೆ ಅಂತ ಕಾಣುತ್ತೆ. ಆದ್ರೂ ನಂಗೆ ನಿದ್ದೆ ಬರ್ತಿಲ್ಲ. ಎರಡು ಹಾಳೆ ತಂದುಕೊಡ್ಲಾ? ಒಂದ್ಸಲ ತಲೆಕೆಳಗು ಮಾಡಿ ನೋಡ್ತೀರಾ?"

ಹಿಂದೆ ಎಲ್ಲೋ ಮಗು ಅಳುತ್ತಿತ್ತು. ಅದನ್ನು ಸಮಾಧಾನ ಮಾಡುತ್ತಿದ್ದ ಹೆಣ್ಣುದನಿ ತಟಕ್ಕನೆ ಸುಮ್ಮನಾಯಿತು, ಉತ್ತರಕ್ಕೆ ಕಾಯುವಂತೆ.

ಅಕ್ಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ದನಿ ಮಾತ್ರ ಪ್ರೆಸ್ಸಿನಲ್ಲಿ ಇದ್ದ ಹಾಗೇ ಇತ್ತು. "ಮೊದಲು ಇದು ಹೇಳಿ. ಮೂಲ ಎಲ್ಲಿಂದ ಬಂದಿದ್ದು? ನಿಮ್ಮ ಯಂತ್ರದಿಂದಲೋ, ಗಿರಾಕಿ ಕಳಿಸಿದ್ದೋ?"

"ಗಿರಾಕಿನೇ ಕಳಿಸಿದ್ದು ಅತ್ತೆ. ಚಿತ್ರ ಬರೋವರೆಗೂ ಕಾದು ಕೂತಿದ್ದೆ."

"ಹಾಗಾದ್ರೆ ತನ್ನಿ. ನಿಮ್ಮ ಹೆಂಡ್ತೀನೂ ಮಗೂನೂ ಕರ್ಕೊಂಡು ಬನ್ನಿ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಹಾಳೆ ಹೇಗೆ ಬೇಕಾದ್ರೂ ಹಿಡ್ಕೊಳ್ಳಿ, ಮಗೂನ ಮಾತ್ರ ಸೀದಾ ಎತ್ಕೊಂಡು ಬನ್ನಿ."